ನಮ್ಮ ಆಟದ ರಾಣಿ ನಕ್ಷತ್ರ ನೋಡೋ ಔತಣ ಇಟ್ಟಿದ್ದಾಳೆ, ಆಕಾಶ ಹೇಗಿರಬೇಕು ಹೇಳಿ

ಕತ್ತಲೆಕೋಟೆ:
ನಮಸ್ಕಾರ. ನಾವೊಂದಿಷ್ಟು ಜನ ಸೇರಿ ಕನ್ನಡದಲ್ಲೇ ಡಿ ಅಂಡ್ ಡಿ ಥರದ ಆಟ ಆಡ್ತೀವಿ, ಅಂದ್ರೆ ಒಬ್ಬೊಬ್ಬರು ಒಂದೊಂದು ಪಾತ್ರವಾಗಿ ದಾಳ ಹಾಕ್ತಾ ಕಥೆ ಕಟ್ಟೋ ಆಟ. ಲೋಕ ನಮ್ಮದೇ, ನಿಯಮಗಳೂ ಅರ್ಧಕ್ಕರ್ಧ ನಮ್ಮವೇ, ಕಥೆ ನಡೆಸೋದು ನಾನು. ಮುಂದಿನ ಸೆಷನ್‌ನಲ್ಲಿ ಕಾರ್ಗಲ್ಲು ದುರ್ಗದ ರಾಣಿ ಹೊನ್ನಲದೇವಿ ಕೋಟೆ ನೆತ್ತಿಯ ಬಯಲಲ್ಲಿ ನಕ್ಷತ್ರ ನೋಡೋ ಔತಣ ಇಟ್ಟಿದ್ದಾಳೆ. ಪಕ್ಕದ ಸೀಮೆ ದೊರೆ, ಇಬ್ಬರು ಮಾಟಗಾರರು, ಒಬ್ಬ ಜೋಯಿಸ, ಕುದುರೆ ವ್ಯಾಪಾರಿ, ಎಲ್ಲಾ ಬರ್ತಾರೆ. ಆ ಗದ್ದಲದಲ್ಲಿ ನಮ್ಮ ಹುಡುಗರು ದೊರೆಯ ಮುದ್ರೆಯುಂಗುರ ಕದಿಯಬೇಕು.

ಲೋಕಕ್ಕೆ ಎರಡು ಚಂದ್ರ. ದೊಡ್ಡವನು ಸೋಮ. ಚಿಕ್ಕವನಿಗೆ ನಾನೊಂದು ಗಂಭೀರ ಹೆಸರಿಟ್ಟಿದ್ದೆ, ಯಾರೂ ಒಪ್ಪಲಿಲ್ಲ, ಈಗ ಅವನು ಗುಂಡ. ನನ್ನ ಪ್ಲಾನ್: ಇಬ್ಬರು ಚಂದ್ರರಿಗೂ ಹುಣ್ಣಿಮೆ, ಕೋಟೆಗೋಡೆ ಉದ್ದಕ್ಕೂ ಪಂಜು, ಮಾಟಗಾರರ ಬಾಣಬಿರುಸು, ಮೇಲೆ ಆಕಾಶದ ತುಂಬಾ ನಕ್ಷತ್ರ.

ಹೋದ ಸಲ ನಾನು ಜಾತ್ರೆ ವರ್ಣನೆ ಮಾಡಿದಾಗ ಎಲ್ಲರೂ ಮೊಬೈಲ್ ನೋಡ್ತಾ ಕೂತಿದ್ರು. ಮುಗಿದ ಮೇಲೆ "ಚೆನ್ನಾಗಿದೆ, ದಾಳ ಹಾಕ್ಲಾ?" ಅಂದ್ರು. ಆಕಾಶಕ್ಕೂ ಅದೇ ಗತಿ ಬರಬಾರದು. ಇಂಥ ಔತಣದಲ್ಲಿ ಜನ ನಿಜವಾಗಿ ಏನು ಮಾಡ್ತಾರೆ? ಅನುಭವ ಇರೋರು ಹೇಳಿ.

ದುರ್ಬೀನು ಮಾವ:
ಎರಡು ಹುಣ್ಣಿಮೆ, ಸಾಲು ಪಂಜು, ಸಾಲದ್ದಕ್ಕೆ ಬಾಣಬಿರುಸು. ರಾಣಿ ಇಟ್ಟಿರೋದು ಮದುವೆ ಆರತಕ್ಷತೆ ಕಣಪ್ಪ!

ಒಬ್ಬನೇ ಚಂದ್ರ ಇರೋ ನಮ್ಮಲ್ಲೇ ಹುಣ್ಣಿಮೆ ರಾತ್ರಿ ಆಕಾಶಗಂಗೆ ಕಾಣೋದಿಲ್ಲ. ಒಳ್ಳೆ ಕತ್ತಲೆ ಜಾಗದಲ್ಲಿ, ಚಂದ್ರ ಇಲ್ಲದ ರಾತ್ರಿ, ಬರಿಗಣ್ಣಿಗೆ ಒಂದು ಹೊತ್ತಿಗೆ ಎರಡೂವರೆ ಮೂರು ಸಾವಿರ ನಕ್ಷತ್ರ ಸಿಗುತ್ತವೆ. ಬೆಂಗಳೂರಿನ ನಡುಮಧ್ಯೆ ನಿಂತು ಎಣಿಸಿದ್ರೆ ನೂರು ದಾಟೋದೂ ಕಷ್ಟ. ಜೊತೆಗೆ ಕಣ್ಣು ಕತ್ತಲಿಗೆ ಪೂರ್ತಿ ಹೊಂದಿಕೊಳ್ಳೋಕೆ ಇಪ್ಪತ್ತರಿಂದ ಮೂವತ್ತು ನಿಮಿಷ ಬೇಕು. ಯಾರೋ ಒಬ್ಬ ಪಂಜು ಹಿಡ್ಕೊಂಡು ಎದುರಿಗೆ ಬಂದ್ರೆ ಅಷ್ಟೂ ಹೊತ್ತಿನ ಕಾಯುವಿಕೆ ನೀರಲ್ಲಿ ಹೋಮ. ಆತಿಥ್ಯ ಮಾಡೋರಿಗೆ ಅಡುಗೆಗಿಂತ ದೊಡ್ಡ ತಲೆನೋವು ಬೆಳಕು.

ದಾಳಪ್ಪ:
ಮಾವ, ಇದು ಫ್ಯಾಂಟಸಿ. ಮಂತ್ರದಲ್ಲಿ ಆನೆ ಹಾರುತ್ತೆ, ನಕ್ಷತ್ರ ಕಾಣೋಕೆ ಮಾತ್ರ ವಿಜ್ಞಾನ ಬೇಕಾ? ಮಾಟಗಾರ "ಕಾಣಲಿ" ಅಂದ್ರೆ ಕಾಣುತ್ತೆ. ಮುಗೀತು.

ದುರ್ಬೀನು ಮಾವ:
ಕಾಣಲಿ ಅಂದ್ರೆ ಕಾಣುತ್ತೆ ಅಂತಾದ್ರೆ ಉಂಗುರಾನೂ "ಬರಲಿ" ಅಂದ್ರೆ ಬರಬೇಕಲ್ಲ. ಆಟ ಯಾಕೆ ಆಡ್ತೀರಿ?

ಬಾವಲಿ:
ಮಾವ ಹೇಳ್ತಿರೋದ್ರಲ್ಲಿ ಆಟಕ್ಕೆ ಬೇಕಾದ್ದೇ ಇದೆ. ಕಳ್ಳತನದ ಸೆಷನ್‌ಗೆ ಕತ್ತಲಿಗಿಂತ ಒಳ್ಳೆ ಕೊಡುಗೆ ಬೇಕಾ? ಇಡೀ ಆಸ್ಥಾನ ತಾನಾಗಿ ದೀಪ ಆರಿಸಿ, ತಲೆಯೆತ್ತಿ ಮೇಲೆ ನೋಡ್ತಾ ನಿಂತಿದೆ. ದೊರೆಯ ಕೈ ಸೊಂಟದ ಹತ್ತಿರ ಇದೆ, ಅವನು ನೋಡ್ತಿರೋದು ನೆತ್ತಿ ಮೇಲೆ. ನಾನಾಗಿದ್ರೆ ಎರಡು ಹುಣ್ಣಿಮೆ ಕೈಬಿಟ್ಟು ಎರಡು ಅಮಾವಾಸ್ಯೆ ತಗೋತಿದ್ದೆ.

ಗಣಿತ ಮೇಷ್ಟ್ರು:
ಸೋಮ, ಗುಂಡ ಎಷ್ಟೆಷ್ಟು ದಿನಕ್ಕೆ ಅಮಾವಾಸ್ಯೆಗೆ ಬರ್ತಾರೆ ಅಂತ ಮೊದಲು ಹೇಳಿ. ಅದಿಲ್ಲದೆ ಮುಂದೆ ಹೋಗೋಕಾಗಲ್ಲ.

ಕತ್ತಲೆಕೋಟೆ:
ಸೋಮ 40 ದಿನ, ಗುಂಡ 24 ದಿನ ಅಂತ ಹಳೇ ಟಿಪ್ಪಣೀಲಿ ಬರ್ಕೊಂಡಿದ್ದೆ. ಯಾಕೆ ಅಂತ ಕೇಳಬೇಡಿ, ತೋಚಿದ್ದು ಬರೆದದ್ದು.

ಗಣಿತ ಮೇಷ್ಟ್ರು:
ತೋಚಿದ್ದಾದ್ರೂ ಚೆನ್ನಾಗಿ ಕೂಡಿ ಬಂದಿದೆ. ಹತ್ತಿರದವನು ಬೇಗ ಸುತ್ತಬೇಕು, ದೂರದವನು ನಿಧಾನ, ಅದು ಸರಿಯಾಗಿದೆ. 24 ಮತ್ತು 40ರ ಲ.ಸಾ.ಅ. 120. ಅಂದ್ರೆ ಇಬ್ಬರೂ ಒಟ್ಟಿಗೆ ಮರೆಯಾಗೋ ಜೋಡಿ ಅಮಾವಾಸ್ಯೆ 120 ದಿನಕ್ಕೊಮ್ಮೆ. ಔತಣಕ್ಕೆ ರಾಣಿ ಅದೇ ದಿನ ಯಾಕೆ ಆರಿಸಿದಳು ಅನ್ನೋದಕ್ಕೆ ಕಾರಣ ಸಿಕ್ತು. ಆ ರಾತ್ರಿ ತಪ್ಪಿದ್ರೆ ಇನ್ನು 120 ದಿನ ಕಾಯಬೇಕು. ನಿಮ್ಮ ಕಳ್ಳರಿಗೂ ಅಷ್ಟೇ.

ಆದ್ರೆ ನನ್ನ ಸಲಹೆ, ಜೋಡಿ ಅಮಾವಾಸ್ಯೆ ದಿನವೇ ಬೇಡ, ಮೂರು ದಿನ ಬಿಟ್ಟು ಇಡಿ. ಲೆಕ್ಕ ನೋಡಿ. ನಿಮ್ಮ ಲೋಕದಲ್ಲೂ ದಿನಕ್ಕೆ 24 ಗಂಟೆ ಅಂತಿಟ್ಟುಕೊಂಡ್ರೆ ಗುಂಡ ದಿನಕ್ಕೆ ಒಂದು ಗಂಟೆ ತಡವಾಗಿ ಮುಳುಗ್ತಾನೆ, ಸೋಮ 36 ನಿಮಿಷ. (ನಮ್ಮ ಚಂದ್ರ ಸರಾಸರಿ 50 ನಿಮಿಷ.) ಮೂರನೇ ದಿನ ಹೊತ್ತು ಮುಳುಗಿ ಒಂದೂಮುಕ್ಕಾಲು ಗಂಟೆಗೆ ಸೋಮ ಇಳೀತಾನೆ, ಮೂರು ಗಂಟೆಗೆ ಗುಂಡ. ಅಲ್ಲೀವರೆಗೆ ಊಟ, ಮಾತು, ಪಂಜು ಎಲ್ಲಾ ಇರಲಿ. ಗುಂಡ ಮುಳುಗಿದ ಕೂಡಲೇ ಕೊಂಬು ಊದಿಸಿ, ದೀಪ ಆರಿಸಿ. ಆಟಗಾರರಿಗೆ ಗಡಿಯಾರ ಇಲ್ಲದೇ ಸಮಯ ಗೊತ್ತಾಗುತ್ತೆ: ಪಡುವಣದಲ್ಲಿ ಗುಂಡ ಎಷ್ಟು ಮೇಲಿದ್ದಾನೆ ನೋಡಿದ್ರೆ ಸಾಕು.

ಕತ್ತಲೆಕೋಟೆ:
ಮೇಷ್ಟ್ರೇ, ಕಾಲಿಗೆ ಬಿದ್ದೆ. ಕೊಂಬು ಊದೋದು ಪಕ್ಕಾ.

ಪಂಚಾಂಗಪ್ರಿಯೆ:
ಎಲ್ಲಾ ಸರಿ, ಆ ಲೋಕದಲ್ಲಿ ಏಕಾದಶಿ ಯಾವ ಚಂದ್ರನ ಲೆಕ್ಕಕ್ಕೆ ಮಾಡ್ತಾರೆ? ಇಬ್ಬರದ್ದೂ ಮಾಡಬೇಕು ಅಂದ್ರೆ ನಮ್ಮತ್ತೆ ಅಲ್ಲಿಗೆ ಹೋಗಿ ನೆಲೆಸ್ತಾರೆ. ತಿಂಗಳಲ್ಲಿ ಅಡುಗೆ ಮಾಡೋ ದಿನಾನೇ ಹುಡುಕಬೇಕಾಗುತ್ತೆ.

ದಾಳಪ್ಪ:
ತಿಂಗಳು ಅಂದ್ರೆ ಯಾವ ತಿಂಗಳು? ಸೋಮಮಾಸವೋ ಗುಂಡಮಾಸವೋ?

ಪಂಚಾಂಗಪ್ರಿಯೆ:
ತಮಾಷೆಗೆ ಅಲ್ಲ, ಇದು ಕಥೆಗೆ ಉಪಯೋಗ ಆಗುತ್ತೆ. ರಾಣಿ ಸೀಮೆಯವರು ಸೋಮನ ತಿಥಿ ಹಿಡಿಯೋರು, ಪಕ್ಕದ ದೊರೆ ಗುಂಡನ ತಿಥಿ ಹಿಡಿಯೋನು ಅಂತಿಡಿ. ದೊರೆಗೆ ಅವತ್ತು ಉಪವಾಸ! ಔತಣಕ್ಕೆ ಕರೆದು ಉಪವಾಸದ ದಿನ ಇಟ್ಟಿದ್ದಾರೆ ಅಂತ ಅವನಿಗೆ ಬಂದ ಕೂಡಲೇ ಕೋಪ. ಅದು ಅವಮಾನವೋ ಲೆಕ್ಕದ ಎಡವಟ್ಟೋ ಅಂತ ನಿಮ್ಮ ಹುಡುಗರು ಕಂಡುಹಿಡೀಲಿ.

ಗ್ರಹಣದ್ದೂ ಒಂದು ಮಾತು. ರಾಹು ಕೇತು ಅಂದ್ರೆ ಚಂದ್ರನ ಹಾದಿ ಸೂರ್ಯನ ಹಾದಿಯನ್ನು ದಾಟೋ ಎರಡು ಬಿಂದುಗಳು. ಚಂದ್ರ ಇಬ್ಬರಾದ್ರೆ ಬಿಂದು ನಾಲ್ಕು. ನಿಮ್ಮ ಜೋಯಿಸನಿಗೆ ಇಬ್ಬರು ರಾಹು, ಇಬ್ಬರು ಕೇತು. ಪಾಪ, ದಕ್ಷಿಣೆ ಜಾಸ್ತಿ ಕೊಡಿ.

ಗಿರ್ಮಿಟ್ ಗೆಳೆಯ:
ಎಲ್ಲಾರೂ ಚಂದ್ರ ಚಂದ್ರ ಅಂತ ಬಡಕೊಳ್ಳಾಕತ್ತೀರಿ, ಊಟಕ್ಕ ಏನ್ ಐತಿ ಅಂತ ಒಬ್ರರ ಕೇಳಿದ್ರೇನ್ರಿ? ಕತ್ತಲಾಗ ಪಾಯಸ ಬಡಿಸಿದ್ರ ಅರ್ಧ ದೊರೀ ಅಂಗಿ ಮ್ಯಾಲ ಬೀಳತೈತಿ. ಗುಂಡ ಮುಳುಗೂದ್ರಾಗ ದೊಡ್ಡ ಊಟ ಮುಗೀಬೇಕು. ಆಮ್ಯಾಲ ಕತ್ತಲಾಗ ಕೈಗೆ ಸಿಗೂವಂಥಾದ್ದು: ಚುರುಮುರಿ, ಹುರಿದ ಶೇಂಗಾ, ಶೇಂಗಾ ಹೋಳಿಗಿ, ಬೆಲ್ಲ. ಮಡಿಕ್ಯಾಗ ಬಿಸಿ ಕಷಾಯ. ನೆತ್ತಿ ಮ್ಯಾಲಿನ ಕ್ವಾಟಿ ಅಂದ್ರ ಗಾಳಿ ಕೊರೀತೈತ್ರಿ, ಕಂಬಳಿ ಇಲ್ಲದ ಯಾವ ಅತಿಥೀನೂ ಒಂದ್ ತಾಸು ಕುಂದ್ರಂಗಿಲ್ಲ.

ಕಡಲ ಕಾಗೆ:
ಕತ್ತಲಲ್ಲಿ ಮೀನು ಬಡಿಸ್ಬೇಡಿ ಮಾರಾಯ್ರೆ. ಮುಳ್ಳು ಸಿಕ್ಕಿದ್ರೆ ನಿಮ್ಮ ದೊರೆ ಅಲ್ಲೇ ಢಮಾರ್. ಮತ್ತೆ ಕಳ್ಳರ ಮೇಲೆ ಕೊಲೆ ಆರೋಪ.

ಬಾವಲಿ:
ಮುಳ್ಳು ಸಿಕ್ಕಿ ಸತ್ತ ದೊರೆ... ಇದನ್ನ ನಾನು ಬರ್ಕೊಂಡೆ. ನಮ್ಮ ಗುಂಪಿಗೆ ಬೇಕು.

ಶಾಸನಪ್ರೇಮಿ:
ದೀಪ ಆರಿಸಿದ ಮೇಲಿನ ಕಾಯುವಿಕೆಗೆ ಒಂದು ಹಳೇ ಸಾಮಾನು ಹೇಳ್ತೀನಿ, ಘಟಿಕಾ ಬಟ್ಟಲು. ತಳದಲ್ಲಿ ಸಣ್ಣ ತೂತಿರೋ ತಾಮ್ರದ ಬಟ್ಟಲನ್ನ ನೀರಿನ ಕೊಪ್ಪರಿಗೆಯಲ್ಲಿ ತೇಲಿಬಿಡ್ತಿದ್ರು. ತೂತಿನಿಂದ ನೀರು ಏರ್ತಾ ಏರ್ತಾ ಬಟ್ಟಲು ತುಂಬಿ ಒಮ್ಮೆಗೇ ಗುಳುಂ ಅಂತ ಮುಳುಗಿದ್ರೆ ಒಂದು ಗಳಿಗೆ ಆಯ್ತು ಅಂತ. ದಿನಕ್ಕೆ 60 ಗಳಿಗೆ, ಅಂದ್ರೆ ಒಂದು ಗಳಿಗೆ 24 ನಿಮಿಷ. ದುರ್ಬೀನು ಮಾವ ಹೇಳಿದ ಇಪ್ಪತ್ತು ಮೂವತ್ತು ನಿಮಿಷಕ್ಕೆ ಸರಿಯಾಗಿ ಕೂರುತ್ತೆ ನೋಡಿ. ಬಟ್ಟಲು ಮುಳುಗೋವರೆಗೆ ಯಾರೂ ತಲೆ ಎತ್ತಬಾರದು ಅನ್ನೋದು ಆ ಸೀಮೆಯ ಪದ್ಧತಿ ಅಂತಿಡಿ. ಎಲ್ಲರೂ ನೆಲ ನೋಡ್ತಾ ಕೂತಿರ್ತಾರೆ, ನೀರಿನ ಸದ್ದು ಬಿಟ್ಟು ಬೇರೇನೂ ಇಲ್ಲ. ಬಟ್ಟಲು ಮುಳುಗಿದಾಗ ಜಾಗಟೆ. ಆಗ ಎಲ್ಲರೂ ಒಟ್ಟಿಗೆ ಮೇಲೆ ನೋಡ್ತಾರೆ.

ಇನ್ನೊಂದು. ನಮ್ಮ ಶಾಸನಗಳ ತಲೆಯಲ್ಲಿ ಸೂರ್ಯ ಚಂದ್ರ ಕೆತ್ತಿರ್ತಾರಲ್ಲ, ಆಚಂದ್ರಾರ್ಕ ಈ ದಾನ ಇರಲಿ ಅಂತ. ನಿಮ್ಮ ಲೋಕದ ಕಲ್ಲಿನಲ್ಲಿ ಒಬ್ಬ ಸೂರ್ಯ, ಇಬ್ಬರು ಚಂದ್ರ ಇರಬೇಕು. ಎಲ್ಲೋ ಒಂದು ಹಳೇ ಕಲ್ಲಿನಲ್ಲಿ ಚಂದ್ರ ಒಬ್ಬನೇ ಇದ್ರೆ? ಗುಂಡ ಆಮೇಲೆ ಬಂದನಾ?

ಕತ್ತಲೆಕೋಟೆ:
ಶಾಸನಪ್ರೇಮಿಗಳೇ, ಇದು ಒಂದು ಸೆಷನ್‌ಗಲ್ಲ, ಮುಂದಿನ ವರ್ಷದ ಕಥೆಗೇ ಆಯ್ತು. ಗುಂಡ ಆಮೇಲೆ ಬಂದವನು! ನಮ್ಮ ಹುಡುಗರು ಈ ವೇದಿಕೆ ಓದಲ್ಲ ಅಂತ ನಂಬಿದ್ದೀನಿ.

ದಾಳಪ್ಪ:
ಬಟ್ಟಲು ಮುಳುಗೋ 24 ನಿಮಿಷ ಆಟದಲ್ಲಿ ಏನು ಮಾಡ್ತಾರೆ? ನಿಜವಾಗಿ 24 ನಿಮಿಷ ಸುಮ್ಮನೆ ಕೂರಿಸ್ತೀರಾ? ನಮ್ಮ ಗುಂಪಲ್ಲಾದ್ರೆ ಎರಡನೇ ನಿಮಿಷಕ್ಕೆ ಯಾರಾದ್ರೂ ಪಿಜ್ಜಾ ಆರ್ಡರ್ ಮಾಡ್ತಾರೆ.

ಬಾವಲಿ:
ಕಳ್ಳತನ ನಡೆಯೋದೇ ಆ 24 ನಿಮಿಷದಲ್ಲಿ. ಇಲ್ಲಿ ನಿಜವಾದ ಶರೀರಶಾಸ್ತ್ರದ ಒಂದು ಉಪಾಯ ಇದೆ. ಎರಡು ಕಣ್ಣೂ ಬೇರೆ ಬೇರೆಯಾಗಿ ಕತ್ತಲಿಗೆ ಹೊಂದಿಕೊಳ್ಳುತ್ತವೆ. ಪಂಜು ಉರಿಯೋವಾಗಲೇ ಒಂದು ಕಣ್ಣು ಮುಚ್ಚಿಟ್ಟುಕೊಂಡಿದ್ದವನಿಗೆ ದೀಪ ಆರಿದ ಕ್ಷಣವೇ ಆ ಕಣ್ಣಿಂದ ಕಾಣುತ್ತೆ, ಉಳಿದ ಆಸ್ಥಾನ ಇನ್ನೂ ಕುರುಡು. ಬೇಕಾದ್ರೆ ಇವತ್ತು ರಾತ್ರಿ ಬಾತ್‌ರೂಮ್ ಲೈಟಿಗೆ ಒಂದು ಕಣ್ಣು ಮುಚ್ಚಿ ನೋಡಿ, ಆರಿಸಿದ ಮೇಲೆ ವ್ಯತ್ಯಾಸ ಗೊತ್ತಾಗುತ್ತೆ.

ಇದನ್ನ ಎರಡು ಕಡೆಯಿಂದ ಬಳಸಬಹುದು. ಆಟಗಾರರು ತಾವೇ ಯೋಚಿಸಿ ಒಂದು ಕಣ್ಣು ಮುಚ್ಚಿದ್ರೆ ಅವರಿಗೆ ಅನುಕೂಲ ಕೊಡಿ. ಅವರಿಗೆ ಹೊಳೀಲಿಲ್ಲ ಅಂದ್ರೆ ಊಟದ ಹೊತ್ತಲ್ಲಿ "ಕುದುರೆ ವ್ಯಾಪಾರಿ ಎಡಗಣ್ಣಿಗೆ ಬಟ್ಟೆ ಕಟ್ಕೊಂಡಿದ್ದಾನೆ, ಕಣ್ಣು ಬೇನೆ ಅಂತಾನೆ" ಅಂತ ಮಾತಿನ ಮಧ್ಯೆ ತೂರಿಸಿ. ಉಂಗುರದ ಹಿಂದೆ ಇನ್ನೊಬ್ಬ ಕಳ್ಳ ಇದ್ದಾನೆ ಅನ್ನೋದಕ್ಕೆ ಅದೇ ಸುಳಿವು.

ತಾರೆ ಟೀಚರ್:
ಬಾವಲಿ ಅವರೇ, ಈ ಸುಳಿವು ತುಂಬಾ ಇಷ್ಟ ಆಯ್ತು.

ಆದ್ರೆ "ಚೆನ್ನಾಗಿದೆ, ದಾಳ ಹಾಕ್ಲಾ" ಸಮಸ್ಯೆ ಹಾಗೇ ಉಳೀತಲ್ಲ. ನಾನು ಮಕ್ಕಳಿಗೆ ಆಕಾಶ ತೋರಿಸೋಳು, ಅಲ್ಲೂ ಇದೇ ಕಥೆ. ನಾವು ವರ್ಣಿಸಿದ್ರೆ ಆಕಳಿಸ್ತಾರೆ, ಅವರ ಕೈಗೆ ಕೊಟ್ರೆ ಬಿಡಲ್ಲ. ಹೀಗೆ ಮಾಡಿ: ಟೇಬಲ್ ಮೇಲೆ ಕಪ್ಪು ಕಂಬಳಿ ಹಾಸಿ ಒಂದು ಹಿಡಿ ಅಕ್ಕಿ ಚೆಲ್ಲಿ. ಅದೇ ಕಾರ್ಗಲ್ಲು ದುರ್ಗದ ಆಕಾಶ. ಪ್ರತಿ ಆಟಗಾರನೂ ತನ್ನ ಪಾತ್ರದ ಊರಲ್ಲಿ ಯಾವ ಕಾಳುಗಳನ್ನ ಸೇರಿಸಿ ಏನಂತ ಕರೀತಾರೆ ಅಂತ ಬೆರಳಿಟ್ಟು ಹೇಳಬೇಕು. ಒಬ್ಬ ನೇಗಿಲು ಅಂತಾನೆ, ಪಕ್ಕದವನು ಅದೇ ಕಾಳಿಗೆ ಸಮಾಧಿ ಅಂತಾನೆ. ನಮ್ಮಲ್ಲೂ ಅಷ್ಟೇ ತಾನೇ? ನಮಗೆ ಏಳು ಋಷಿಗಳು, ಗ್ರೀಕರಿಗೆ ಕರಡಿಯ ಬೆನ್ನು ಬಾಲ, ಇಂಗ್ಲೆಂಡಿನ ರೈತನಿಗೆ ನೇಗಿಲು. ಅವರ ಜಗಳ ಮುಗಿಯೋ ಹೊತ್ತಿಗೆ ನಿಮ್ಮ ಲೋಕಕ್ಕೆ ಐದು ಪುರಾಣ ಪುಕ್ಕಟೆ.

ಕತ್ತಲೆಕೋಟೆ:
ಅಕ್ಕಿ ಐಡಿಯಾ ಅದ್ಭುತ ಟೀಚರ್.

ಗಿರ್ಮಿಟ್ ಗೆಳೆಯ:
ನಮ್ಮ ಕಡೆ ನಕ್ಷತ್ರ ಅಂದ್ರ ಮಳೀ ಲೆಕ್ಕರೀ. ರೋಹಿಣಿ ಮಳಿ ಬಂದ್ರ ಓಣಿ ತುಂಬ ಜೋಳ. ಭರಣಿ ಮಳಿ ಬಂದ್ರ ಧರಣಿ ತುಂಬ ಬೆಳಿ. ನಿಮ್ಮ ಆಸ್ಥಾನದಾಗ ಒಬ್ಬ ರೈತನ್ನೂ ಕರೀರಿ. ಜೋಯಿಸ ಏನ್ ಹೇಳಿದ್ರೂ "ಹಂಗಲ್ರೀ ಬುದ್ಧಿ" ಅಂತ ಅಂವ ತಿದ್ದಬೇಕು.

ದುರ್ಬೀನು ಮಾವ:
ಅದಕ್ಕೊಂದು ತಿದ್ದುಪಡಿ. ಮಳೆ ನಕ್ಷತ್ರ ಅಂದ್ರೆ ಸೂರ್ಯ ಆಗ ಇರೋ ನಕ್ಷತ್ರ. ರೋಹಿಣಿ ಮಳೆ ಬರೋವಾಗ ರೋಹಿಣಿ ಕಾಣಲ್ಲ, ಸೂರ್ಯನ ಜೊತೆ ಹಗಲಲ್ಲಿ ಇರುತ್ತೆ.

ಗಿರ್ಮಿಟ್ ಗೆಳೆಯ:
ಮಳಿ ಬರೂ ಹೊತ್ತಿನ್ಯಾಗ ಯಾವ ನಕ್ಷತ್ರನೂ ಕಾಣಂಗಿಲ್ಲ ಬಿಡ್ರಿ ಮಾವಾರ, ಮೋಡ ಇರ್ತಾವು.

ಸುಮ್ನೆ ಓದುವವ:
😂😂 ಮಾವ ಔಟ್

ಬೇ ಏರಿಯಾ ಭಟ್ರು:
ಒಂದು ವಿಷಯ ಯಾರೂ ಎತ್ತಿಲ್ಲ. ಕಾರ್ಗಲ್ಲು ದುರ್ಗ ಭೂಮಧ್ಯರೇಖೆಗೆ ಎಷ್ಟು ಹತ್ತಿರ? ಫ್ಯಾಂಟಸಿ ಬರೆಯೋರು ಅರಿವಿಲ್ಲದೇ ಯುರೋಪಿನ ಆಕಾಶ ಹಾಕಿಬಿಡ್ತಾರೆ: ಎತ್ತರದಲ್ಲಿ ಅಲುಗದ ಧ್ರುವ, ಸುತ್ತ ಮುಳುಗದ ನಕ್ಷತ್ರಗಳು. ಧ್ರುವ ದಿಗಂತದಿಂದ ಎಷ್ಟು ಡಿಗ್ರಿ ಮೇಲಿದೆಯೋ ಅದೇ ಹೆಚ್ಚೂಕಮ್ಮಿ ನಿಮ್ಮ ಅಕ್ಷಾಂಶ. ಬೆಂಗಳೂರಲ್ಲಿ 13 ಡಿಗ್ರಿ, ಒಂದು ಅಪಾರ್ಟ್‌ಮೆಂಟ್ ಅಡ್ಡ ಬಂದ್ರೆ ಹೋಯ್ತು. ಇಲ್ಲಿ ಕ್ಯಾಲಿಫೋರ್ನಿಯಾದಲ್ಲಿ ನಮ್ಮ ಮನೆ ಹತ್ತಿರ 37, ಯಾವ ಮರವೂ ಅಡ್ಡ ಬರಲ್ಲ. ಆದ್ರೆ ಇಲ್ಲಿ ನನಗೆ ಅಗಸ್ತ್ಯ ನಕ್ಷತ್ರ ಸಿಗಲ್ಲ. ದಕ್ಷಿಣ ದಿಗಂತಕ್ಕೆ ಸವರಿಕೊಂಡು ಹೋಗ್ತಾನೆ, ಗುಡ್ಡ ಮುಚ್ಚಿಬಿಡುತ್ತೆ. ಬೆಂಗಳೂರಲ್ಲಿ ಅದೇ ಅಗಸ್ತ್ಯ 24 ಡಿಗ್ರಿ ಮೇಲೆ, ಫೆಬ್ರವರಿ ಸಂಜೆ ಲುಬ್ಧಕನ ಕೆಳಗೆ ಢಾಳಾಗಿ ನಿಂತಿರ್ತಾನೆ. ಇಡೀ ಆಕಾಶದಲ್ಲಿ ಹೊಳಪಿನಲ್ಲಿ ಮೊದಲನೆಯದು ಲುಬ್ಧಕ, ಎರಡನೆಯದು ಅಗಸ್ತ್ಯ. ಊರು ಬಿಟ್ಟ ಮೇಲೆ ನನಗೆ ನೆನಪಾಗೋ ನಕ್ಷತ್ರ ಅದು.

ಪಂಚಾಂಗಪ್ರಿಯೆ:
ಅಗಸ್ತ್ಯ ಬೆಳಗಿನ ಜಾವ ಮತ್ತೆ ಕಾಣಿಸಿಕೊಂಡ್ರೆ ಮಳೆಗಾಲದ ಕಲಕು ನೀರು ತಿಳಿಯಾಗುತ್ತೆ ಅಂತ ಹಳೇ ನಂಬಿಕೆ. ಅಗಸ್ತ್ಯೋದಯ ಅಂತ ಪಂಚಾಂಗದಲ್ಲೂ ಹಾಕ್ತಾರೆ.

ಬೇ ಏರಿಯಾ ಭಟ್ರು:
ಅದೇ ನಾನು ಹೇಳಿದ್ದು. ನಿಮ್ಮ ದುರ್ಗಕ್ಕೂ ಅಂಥದ್ದೊಂದು ತೆಂಕಣ ನಕ್ಷತ್ರ ಇರಲಿ. ಉತ್ತರದಿಂದ ಬಂದ ದೊರೆ ಅದನ್ನ ಹುಟ್ಟಿದಾಗಿನಿಂದ ನೋಡಿಲ್ಲ. ಅವನ ಸೀಮೆಯಲ್ಲಿ ಅದು ಬರೀ ಹಾಡಲ್ಲಿ ಇರೋ ನಕ್ಷತ್ರ. ರಾಣಿ ಅವನನ್ನ ಕರೆಸಿದ್ದೇ ಅದನ್ನ ತೋರಿಸೋಕೆ. ಅವನು ಅದನ್ನ ನೋಡ್ತಾ ಮೈಮರೆತಾಗ ಉಂಗುರ ಎತ್ತಬೇಕು.

ದಾಳಪ್ಪ:
ಸರಿ, ಇದು ನನಗೂ ಇಷ್ಟ ಆಯ್ತು. ವಿಜ್ಞಾನ ಗೆದ್ದಿತು ಅಂತ ಮಾತ್ರ ಯಾರೂ ಹೇಳಬೇಡಿ.

ದುರ್ಬೀನು ಮಾವ:
ವಿಜ್ಞಾನ ಗೆದ್ದಿತು.

ಸುಮ್ನೆ ಓದುವವ:
ಚಂದ್ರ ಬಿಟ್ಟು ಶನಿ ಥರ ಉಂಗುರ ಇರೋ ಲೋಕ ಮಾಡಿದ್ರೆ? ಆಕಾಶದಲ್ಲಿ ಉಂಗುರ, ದೊರೆ ಕೈಯಲ್ಲಿ ಉಂಗುರ.

ದುರ್ಬೀನು ಮಾವ:
ನೋಡೋಕೆ ಚೆಂದ, ಔತಣಕ್ಕೆ ಹಾಳು. ಉಂಗುರ ಬಿಸಿಲು ಹಿಡಿದು ರಾತ್ರಿಯಿಡೀ ಹೊಳೀತಿರುತ್ತೆ, ಅದಕ್ಕೆ ಅಮಾವಾಸ್ಯೆ ಅನ್ನೋದೇ ಇಲ್ಲ. ನಡುರಾತ್ರಿ ಗ್ರಹದ ನೆರಳು ಬಿದ್ದ ಕಡೆ ಒಂದು ತುಂಡು ಕಪ್ಪಾಗಿ ಕಾಣಬಹುದು. ಭೂಮಧ್ಯರೇಖೆ ಮೇಲೆ ನಿಂತವನಿಗೆ ಉಂಗುರ ಬರೀ ನೆತ್ತಿ ಮೇಲಿನ ಒಂದು ಗೆರೆ, ಅಂಚು ಮಾತ್ರ ಕಾಣೋದು.

ವಿಚಿತ್ರ ಬೇಕಿದ್ರೆ ಮಂಗಳ ಗ್ರಹ ನೋಡಿ. 1877ರಲ್ಲಿ ಅಸಾಫ್ ಹಾಲ್ ಕಂಡುಹಿಡಿದ ಎರಡು ಪುಟ್ಟ ಚಂದ್ರಗಳಿವೆ, ಫೋಬೋಸ್ ಮತ್ತು ಡೀಮೋಸ್. ಫೋಬೋಸ್ ಏಳು ಗಂಟೆ ನಲವತ್ತು ನಿಮಿಷದೊಳಗೆ ಒಂದು ಸುತ್ತು ಮುಗಿಸುತ್ತೆ, ಮಂಗಳ ತಾನು ತಿರುಗೋದಕ್ಕಿಂತ ಬೇಗ. ಹಾಗಾಗಿ ಅಲ್ಲಿ ನಿಂತವನಿಗೆ ಅದು ಪಶ್ಚಿಮದಲ್ಲಿ ಹುಟ್ಟಿ ಪೂರ್ವದಲ್ಲಿ ಮುಳುಗುತ್ತೆ.

ಕಡಲ ಕಾಗೆ:
ಹಾಗಾದ್ರೆ ಗುಂಡನನ್ನೂ ತಿರುಗಾಮುರುಗಾ ಓಡಿಸಬಹುದಲ್ಲ?

ಗಣಿತ ಮೇಷ್ಟ್ರು:
ಬೇಡ! 24 ದಿನದ ಲೆಕ್ಕ ಎಲ್ಲಾ ಕೆಟ್ಟು ಹೋಗುತ್ತೆ. ಈಗಷ್ಟೇ ಕೂಡಿಸಿದ್ದೀನಿ.

ತಾರೆ ಟೀಚರ್:
ದಾಳಕ್ಕೂ ಆಕಾಶಕ್ಕೂ ಗಂಟು ಹಾಕೋಕೆ ಇನ್ನೊಂದು ದಾರಿ, ಕೃತ್ತಿಕೆ ಅನ್ನೋ ನಕ್ಷತ್ರಗಳ ಗುಂಪು. ಸಾಮಾನ್ಯ ಕಣ್ಣಿಗೆ ಆರು, ಚುರುಕು ಕಣ್ಣಿಗೆ ಒಂಬತ್ತು ಹತ್ತು, ಮಬ್ಬು ಕಣ್ಣಿಗೆ ಒಂದು ಮಸುಕು ಮಚ್ಚೆ. ನಿಮ್ಮ ಲೋಕದಲ್ಲೂ ಅಂಥ ಗುಂಪೊಂದಿರಲಿ. ಎಲ್ಲರೂ 20 ಮುಖದ ದಾಳ ಹಾಕಿ ಎಷ್ಟು ಕಂಡಿತು ಅಂತ ಹೇಳಲಿ, ನೀವು ಗುಟ್ಟಾಗಿ ಚೀಟಿ ಕೊಡಿ. 20 ಬಿದ್ದವನಿಗೆ ಮಾತ್ರ, ಪಟ್ಟಿಯಲ್ಲಿ ಇಲ್ಲದ ಒಂದು ಹೊಸ ನಕ್ಷತ್ರ. 1054ರಲ್ಲಿ ಚೀನಾದ ಆಸ್ಥಾನದವರು ಬರೆದಿಟ್ಟ ಅತಿಥಿ ನಕ್ಷತ್ರ ಹಾಗೇ, ಇದ್ದಕ್ಕಿದ್ದಂತೆ ಬಂದು 23 ದಿನ ಹಗಲಲ್ಲೂ ಕಾಣ್ತಿತ್ತು. ಸಿಡಿದ ಆ ನಕ್ಷತ್ರದ ಚೂರುಗಳೇ ಈಗಿನ ಏಡಿ ನೀಹಾರಿಕೆ.

ಮಸುಕಾದದ್ದನ್ನ ನೇರ ನೋಡಬೇಡಿ, ಓರೆಗಣ್ಣಿಂದ ನೋಡಿ ಅಂತಾನೂ ಹೇಳಿಕೊಡಿ. ಕಣ್ಣಿನ ನಡುವಿಗಿಂತ ಅಂಚಿಗೆ ಮಂದ ಬೆಳಕು ಚೆನ್ನಾಗಿ ಸಿಗುತ್ತೆ. ಹೊಸ ನಕ್ಷತ್ರ ನೋಡ್ತಿದ್ದ ಹುಡುಗನಿಗೆ ಕಣ್ಣಂಚಲ್ಲಿ ಎಡಗಣ್ಣಿನ ಬಟ್ಟೆ ಬಿಚ್ಚುತ್ತಿರೋ ಕುದುರೆ ವ್ಯಾಪಾರಿ ಕಾಣಲಿ!

ಬಾವಲಿ:
ಟೀಚರ್, ನೀವು ಯಾವ ಗುಂಪಲ್ಲಿ ಆಡ್ತೀರಿ? ಯಾವುದೂ ಇಲ್ಲ ಅಂದ್ರೆ ನಮ್ಮಲ್ಲಿಗೆ ಬನ್ನಿ.

ಹಳ್ಳಿ ಬಸ್ಸು:
ಆಟ ಗೀಟ ಗೊತ್ತಿಲ್ಲ, ನಿಜವಾದ ಔತಣದ್ದು ಹೇಳ್ತೀನಿ. ಒಂದು ರೆಸಾರ್ಟ್‌ನವರು "ತಾರೆಗಳ ರಾತ್ರಿ" ಅಂತ ತಲೆಗೆ ಎರಡು ಸಾವಿರ ತಗೊಂಡ್ರು. ಹೋಗಿ ನೋಡಿದ್ರೆ ಈಜುಕೊಳದ ಸುತ್ತ ಫ್ಲಡ್‌ಲೈಟ್, ಡಿಜೆ, ಮೂಲೆಯಲ್ಲಿ ಒಂದು ದೂರದರ್ಶಕ, ಅದರ ಮುಂದೆ ಮದುವೆ ಊಟದ ಕ್ಯೂ. ನನ್ನ ಸರದಿ ಬಂದಾಗ ಒಳಗೆ ಏನೂ ಇಲ್ಲ. "ಗುರು ಈಗ ಮುಂದೆ ಹೋದ ಸಾರ್" ಅಂದ ಹುಡುಗ.

ಸುಮ್ನೆ ಓದುವವ:
ಯಾವ ರೆಸಾರ್ಟ್?

ನಿರ್ವಾಹಕ:
ಹೆಸರು ಹಾಕಬೇಡಿ ದಯವಿಟ್ಟು. ವಿಷಯಕ್ಕೆ ಬನ್ನಿ.

ದುರ್ಬೀನು ಮಾವ:
ಆ ಹುಡುಗನ ತಪ್ಪಿಲ್ಲ. ಭೂಮಿ ತಿರುಗ್ತಿರೋದ್ರಿಂದ ಹೆಚ್ಚು ಹಿಗ್ಗಿಸಿ ನೋಡಿದ್ರೆ ಒಂದೆರಡು ನಿಮಿಷದಲ್ಲೇ ಗ್ರಹ ಆಚೆ ಜಾರುತ್ತೆ, ಪ್ರತಿಯೊಬ್ಬರಿಗೂ ಸರಿಮಾಡಬೇಕು. ಫ್ಲಡ್‌ಲೈಟ್ ಹಾಕಿದವರನ್ನ ಮಾತ್ರ ಕ್ಷಮಿಸೋ ಹಾಗಿಲ್ಲ. ಲಡಾಖಿನ ಹಾನ್ಲೆಯಲ್ಲಿ 4500 ಮೀಟರ್ ಎತ್ತರದಲ್ಲಿ ವೀಕ್ಷಣಾಲಯ ಇದೆ, ಅಲ್ಲಿನ ಎರಡು ಮೀಟರ್ ದೂರದರ್ಶಕವನ್ನ ನಮ್ಮ ಹೊಸಕೋಟೆಯಿಂದ ಉಪಗ್ರಹದ ಮೂಲಕ ನಡೆಸ್ತಾರೆ. ಅಲ್ಲಿನ ಊರವರು ಆಕಾಶಕ್ಕೋಸ್ಕರ ಕಿಟಕಿಗೆ ಪರದೆ ಹಾಕ್ಕೋತಾರೆ. ನಿಮ್ಮ ರಾಣಿಯೂ ಕೆಳಗಿನ ಪೇಟೆಗೆ ಡಂಗುರ ಹೊಡೆಸಲಿ: ಕೊಂಬು ಊದಿದ ಮೇಲೆ ಒಲೆಯೂ ಹೊರಗೆ ಕಾಣಬಾರದು.

ಕಡಲ ಕಾಗೆ:
ಪೇಟೆಯವರು ಬೈತಾರೆ ಮಾರಾಯ್ರೆ. ದೊಡ್ಡವರು ಆಕಾಶ ನೋಡ್ಲಿಕ್ಕೆ ನಾವು ಗಂಜಿ ಬೇಯಿಸಬಾರದಾ ಅಂತ. ಅದೂ ಒಂದು ಕಥೆ ಉಂಟು.

ಕತ್ತಲೆಕೋಟೆ:
ಎಲ್ಲರಿಗೂ ಧನ್ಯವಾದ. ಒಂದು ತೀರ್ಮಾನಕ್ಕೆ ಬಂದಿದ್ದೀನಿ, ಈ ಸೆಷನ್ ಟೆರೇಸ್ ಮೇಲೆ. ಊಟ ಮುಗಿಯೋವರೆಗೆ ಬಲ್ಬ್, ಗುಂಡ ಮುಳುಗಿದ ಮೇಲೆ ಆಫ್. ಕತ್ತಲಲ್ಲಿ ದಾಳ ಹೇಗೆ ನೋಡೋದು?

ದುರ್ಬೀನು ಮಾವ:
ಕೆಂಪು ಬೆಳಕು. ಕತ್ತಲಲ್ಲಿ ಕೆಲಸ ಮಾಡೋ ಕಣ್ಣಿನ ಕೋಶಗಳಿಗೆ ಕೆಂಪು ಅಷ್ಟಾಗಿ ತಟ್ಟಲ್ಲ. ಟಾರ್ಚಿನ ಮುಖಕ್ಕೆ ಕೆಂಪು ಜಿಲೇಟಿನ್ ಕಾಗದ ಮೂರ್ನಾಲ್ಕು ಪದರ ಸುತ್ತಿ ರಬ್ಬರ್ ಬ್ಯಾಂಡ್ ಹಾಕಿ. ಮೊಬೈಲ್ ಎಲ್ಲಾ ಒಂದು ಚೀಲಕ್ಕೆ. ಬಿಳಿ ದಾಳದ ಮೇಲೆ ಕೆಂಪು ಅಂಕಿ ಇದ್ರೆ ತರಬೇಡಿ, ಕೆಂಪು ಬೆಳಕಲ್ಲಿ ಅಂಕಿ ಮಾಯ ಆಗುತ್ತೆ. ಕಪ್ಪು ದಾಳ, ಬಿಳಿ ಅಂಕಿ.

ದಾಳಪ್ಪ:
ನನ್ನ ಹತ್ರ ಇರೋದೆಲ್ಲಾ ಬಿಳಿ ಮೇಲೆ ಕೆಂಪು. ಅಂದ್ರೆ ನಾನು ಏನು ಹಾಕಿದ್ರೂ 20 ಅನ್ನಬಹುದು!

ಬಾವಲಿ:
ಇದಕ್ಕೇ ನಿನ್ನನ್ನ ನಮ್ಮ ಗುಂಪಿಂದ ತೆಗೆದದ್ದು.

ಪಂಚಾಂಗಪ್ರಿಯೆ:
ಟೆರೇಸ್ ಮೇಲೆ ಯಾವ ದಿನ? ನಿಮ್ಮ ಗುಂಡ ಸೋಮರ ತಿಥಿ ಮೇಷ್ಟ್ರು ನೋಡಿದ್ರು, ನಮ್ಮ ಚಂದ್ರನದ್ದು ಯಾರು ನೋಡಿದ್ರಿ?

ಕತ್ತಲೆಕೋಟೆ:
ಅಮಾವಾಸ್ಯೆ ದಿನವೇ ಇಡೋಣ ಅಂದೆ. ಗುಂಪಲ್ಲಿ ಇಬ್ಬರಿಗೆ ಮನೇಲಿ ಅಮಾವಾಸ್ಯೆ ರಾತ್ರಿ ಹೊರಗೆ ಬಿಡಲ್ಲವಂತೆ. ಒಬ್ಬನಿಗೆ ಮೂವತ್ತೆರಡು ವರ್ಷ.

ಪಂಚಾಂಗಪ್ರಿಯೆ:
ತದಿಗೆಗೆ ಇಟ್ಕೊಳ್ಳಿ. ಚಂದ್ರ ಎಂಟೂವರೆ ಸುಮಾರಿಗೆ ಮುಳುಗ್ತಾನೆ, ಮೇಷ್ಟ್ರ ಲೆಕ್ಕದ ಥರಾನೇ. ಚೌತಿಗೆ ಮಾತ್ರ ಬೇಡ, ಅಕಸ್ಮಾತ್ ಭಾದ್ರಪದ ಆಗಿದ್ರೆ ಚಂದ್ರನ್ನ ನೋಡಿ ಕಳ್ಳತನದ ಅಪವಾದ ಹೊತ್ಕೋತೀರಿ.

ಬಾವಲಿ:
ಉಂಗುರ ಕದಿಯೋ ಸೆಷನ್‌ಗೆ ಚೌತಿಗಿಂತ ಒಳ್ಳೆ ದಿನ ಇದೆಯಾ ಅಕ್ಕ?

ಕತ್ತಲೆಕೋಟೆ:
ತದಿಗೆಯೇ ಇರಲಿ. ದಾಳಪ್ಪ, ಬರೋದಾದ್ರೆ ಬಾ, ದಾಳ ನಮ್ಮದೇ ಕೊಡ್ತೀನಿ. ನೀನೇ ಕುದುರೆ ವ್ಯಾಪಾರಿ.

ದಾಳಪ್ಪ:
ಬಂದೆ. ಯಾವ ಕಣ್ಣು, ಎಡ ತಾನೇ?

ಗಿರ್ಮಿಟ್ ಗೆಳೆಯ:
ಕಂಬಳಿ ಮ್ಯಾಲ ಚೆಲ್ಲಿದ ಅಕ್ಕಿ ಆಮ್ಯಾಲ ಏನ್ ಮಾಡ್ತೀರಿ? ಚಿತ್ರಾನ್ನ ಮಾಡ್ರಿ, ಬ್ಯಾರೆ ಮಾತಿಲ್ಲ.